ಲಿವರ್ ಮಾತ್ರೆಗೊಂದು ಬಹಿರಂಗ ಪತ್ರ

ಸನ್ಮಾನ್ಯ ಅರ್ಸೋಡಿಆಕ್ಸಿಕೋಲಿಕ್ ಆಮ್ಲದವರಿಗೆ, ಮೆಡಿಕಲ್ ಶಾಪಿನವರ ಬಾಯಲ್ಲಿ ಉಡಿಲಿವ್ ಅವರಿಗೆ,



ಇಷ್ಟು ವರ್ಷ ಪಿತ್ತಕೋಶದ ಕಲ್ಲು ಕರಗಿಸುತ್ತ, ಲಿವರ್ ಕಾಯುತ್ತ ಮರ್ಯಾದೆಯಿಂದ ಸರ್ವಿಸ್ ಮಾಡಿದವರು ತಾವು. ಈಗ ತಮ್ಮನ್ನು ಮಿದುಳಿಗೆ ಡೆಪ್ಯುಟೇಷನ್ ಮೇಲೆ ಕಳಿಸಬಹುದೇ, ಫಿಟ್ಸ್ ಬಂದಾಗ ನರಕೋಶ ಸಾಯದಂತೆ ತಾವು ಕಾಯಬಲ್ಲಿರೇ ಎಂಬ ಪರೀಕ್ಷೆಯ ಮಾತು ಕೇಳಿ ಸಂತೋಷವಾಯಿತು. ಈಗಿರುವ ಮಾತ್ರೆಗಳು ಫಿಟ್ಸ್ ತಡೆಯುತ್ತವೆ; ಕೋಶಗಳನ್ನು ಉಳಿಸುವ ಕೆಲಸ ಇನ್ನೂ ಯಾರ ಕೈಗೂ ಹತ್ತಿಲ್ಲ.

ಇಂಥ ವರ್ಗಾವಣೆ ಹೊಸದಲ್ಲ. ಬೇರೆ ಮದ್ದು ಕರಗಿಸಲು ಬಳಸುತ್ತಿದ್ದ ವಾಲ್ಪ್ರೋಯಿಕ್ ಆಮ್ಲವೇ ಫಿಟ್ಸಿಗೆ ಮದ್ದು ಎಂದು 1963ರಲ್ಲಿ ಫ್ರಾನ್ಸಿನವರು ಕಂಡುಕೊಂಡರು. ಆದರೆ ತಮ್ಮ ದಾಯಾದಿ ಟಾರುರ್ಸೊಡಯಾಲ್ ಪಾಡು ನೋಡಿ. ಜೊತೆಗಾರ ಮದ್ದಿನೊಡನೆ ಎಎಲ್‌ಎಸ್ ಎಂಬ ನರರೋಗಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದರು. 2024ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಫೇಲಾಗಿ ಮಾರುಕಟ್ಟೆಯಿಂದಲೇ ಹಿಂದೆ ಸರಿದರು. ಆದ್ದರಿಂದ ಪಾಸಾಗುವ ಮೊದಲೇ ಹಾರ ತುರಾಯಿ ಬೇಡ.

ಇನ್ನೊಂದು ವಿಷಯ. ನಮ್ಮ ಸೀಮೆಯಲ್ಲಿ ಫಿಟ್ಸ್ ನೋಡಿಕೊಳ್ಳುವ ಹುದ್ದೆ ಖಾಲಿಯಿಲ್ಲ. ಬೀಗದ ಕೈ ಗೊಂಚಲು ಅಲ್ಲಿ ಖಾಯಂ ನೌಕರ. ಸಂತೆಯಲ್ಲಿ ಯಾರಾದರೂ ಕುಸಿದು ಕೈಕಾಲು ಸೆಟೆಸಿದರೆ ಸಾಕು, ಒಬ್ಬ ಮುಷ್ಟಿ ಬಿಡಿಸಿ ಕಬ್ಬಿಣ ತುರುಕುತ್ತಾನೆ, ಇನ್ನೊಬ್ಬ ಚಪ್ಪಲಿ ಕಳಚಿ ಮೂಗಿಗೆ ಹಿಡಿಯುತ್ತಾನೆ, ಮತ್ತೊಬ್ಬ ಈರುಳ್ಳಿ ಜಜ್ಜುತ್ತಾನೆ. ಬಹುಪಾಲು ಫಿಟ್ಸು ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದ ಕೈಗೆ. ತಮಗೆ ಇಲಿಯ ಮೇಲೆ ಪರೀಕ್ಷೆ, ಮನುಷ್ಯರ ಮೇಲೆ ಪರೀಕ್ಷೆ, ಅದರ ಮೇಲೊಂದು ಪರೀಕ್ಷೆ. ಬೀಗದ ಕೈಗೆ ಸಂದರ್ಶನವೂ ಇಲ್ಲ.

ತಮ್ಮ ಸೀನಿಯರ್ ಫಿನೋಬಾರ್ಬಿಟೋನ್ ಅವರನ್ನೇ ಕೇಳಿ. 1912ರಿಂದ ಡ್ಯೂಟಿಯಲ್ಲಿದ್ದಾರೆ, ಫಿಟ್ಸಿಗೆ ಇಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ. ಇಂಥ ಹಳೆಯ ಮಾತ್ರೆಗಳಿಂದಲೇ ಹಳ್ಳಿಗರ ಮೂರ್ಛೆ ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ತೋರಿಸಿ, 2001ರಲ್ಲಿ ಪ್ರಕಟಿಸಿದರು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿ ಫಿಟ್ಸಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಡ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಅದು ಸಿಗುತ್ತಿಲ್ಲ ಎನ್ನುವುದೂ ಅದೇ ಸಂಸ್ಥೆ.

ಮಾತ್ರೆ ಸಿಕ್ಕರೂ ನುಂಗುವುದು ಸುಲಭವಲ್ಲ. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಿದ್ದಾರೆ. ಸಂಬಂಧ ಕುದುರಿಸುವವರ ಕಾಯ್ದೆಗೆ ಮಾತ್ರ ತಿದ್ದುಪಡಿಯಾಗಿಲ್ಲ. ಹೆಣ್ಣು ನೋಡಲು ಬರುವ ದಿನ ಮಾತ್ರೆಯ ಪಟ್ಟಿ ಟ್ರಂಕಿನ ತಳ ಸೇರುತ್ತದೆ. ಮದುವೆಯಾದ ಮೇಲೆ ಅತ್ತೆಗೆ ಕಂಡೀತೆಂದು ಅಲ್ಲೇ ಉಳಿಯುತ್ತದೆ. ಮಾತ್ರೆ ದಿಢೀರನೆ ನಿಂತರೆ ಫಿಟ್ಸು ಬಡ್ಡಿ ಸಮೇತ ವಾಪಸು ಬರುತ್ತದೆ. ತಾವು ಬಂದರೂ ಟ್ರಂಕಿನ ತಳದಲ್ಲೇ ವಸತಿ. ಅಲ್ಲಿಂದ ಮಿದುಳನ್ನು ಹೇಗೆ ಕಾಯುತ್ತೀರೋ ನೋಡೋಣ.

ಬರಬೇಡಿ ಎನ್ನುತ್ತಿಲ್ಲ, ಖಂಡಿತ ಬನ್ನಿ. ಬರುವಾಗ ಆ ಸೀನಿಯರನ್ನೂ ಕೈಹಿಡಿದು ಕರೆತನ್ನಿ. ತಾವು ಪಾಸಾಗುವವರೆಗೆ ಮಿದುಳು ಕಾಯುವ ಕೆಲಸ ನಮ್ಮದೇ. ಕೈಕಾಲು ಸೆಟೆಯುವ ಫಿಟ್ಸು ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಭರವಸೆ ಕಡಿಮೆ. ಮೂವತ್ತು ನಿಮಿಷ ದಾಟಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಆದ್ದರಿಂದ ಈ ಪತ್ರ ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ: ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೀಗದ ಕೈ ಬೀಗಕ್ಕಿರಲಿ.

ಇಂತಿ ತಮ್ಮ ವಿಶ್ವಾಸಿ,
ಗುಮ್ಮಘಟ್ಟದ ಒಬ್ಬ ಕನ್ನಡಿಗ