ಮಹಾನಗರದಲ್ಲಿ ಮಹಿಷಪ್ರಸವ: ಒಂದು ತಾತ್ವಿಕ ಪ್ರವೇಶಿಕೆ

ಮುಂಬಯಿಯ ತಬೇಲಾದಲ್ಲಿ, ಅಂದರೆ ಹಾಲಿನ ಕೊಟ್ಟಿಗೆಯಲ್ಲಿ, ಎಮ್ಮೆ ಈಯುವ ಕಾಲವೆಂಬುದು ಋತುವಲ್ಲ. ಅದೊಂದು ಬಹುಆಯಾಮಿ, ಪೂರೈಕೆನಿಷ್ಠ ಸಂಕಥನ. ನಿಸರ್ಗದಲ್ಲಿ ಎಮ್ಮೆ ಹತ್ತು ತಿಂಗಳು ಗಬ್ಬ ಹೊತ್ತು, ಹೆಚ್ಚಾಗಿ ನಡುಮಳೆಗಾಲದಿಂದ ದೀಪಾವಳಿಯ ಆಸುಪಾಸಿನವರೆಗೆ ಈಯುತ್ತದೆ. ಈ ಕಾಲಗಣನೆಯಲ್ಲಿ ಗಂಭೀರ ಸೈದ್ಧಾಂತಿಕ ದೋಷವಿದೆ: ಉಡುಪಿ ಹೋಟೆಲಿನ ಚಹಾಕ್ಕೆ ವರ್ಷವಿಡೀ ಹಾಲು ಬೇಕು, ಮೊಸರು-ಲಸ್ಸಿಗೆ ಏಪ್ರಿಲ್-ಮೇಯಲ್ಲೇ ಹೆಚ್ಚು ಬೇಕು. ಹಾಗಾಗಿ ಹರಿಯಾಣದ ಮುರ್ರಾ, ಗುಜರಾತಿನ ಮೆಹಸಾಣಾ, ಜಾಫರಾಬಾದಿ ತಳಿಯ ಎಮ್ಮೆಗಳು ಅಲ್ಲೇ ಈದು, ಇಲ್ಲವೇ ತುಂಬುಗಬ್ಬದಲ್ಲಿ, ಲಾರಿಯೇರಿ ಬರುತ್ತವೆ. ಇದನ್ನು ‘ಪ್ರಸವದ ಪರಿಧೀಕರಣ’ ಎನ್ನತಕ್ಕದ್ದು.

ಚಾರಿತ್ರಿಕ ನೆಲೆಯಲ್ಲಿ ಮೊದಲ ಪಲ್ಲಟ 1949ರದು. ಊರೊಳಗಿನ ಕೊಚ್ಚೆ ಕೊಟ್ಟಿಗೆಗಳ ಎಮ್ಮೆಗಳನ್ನು ಮುಂಬಯಿಯ ಹಾಲು ಕಮಿಷನರ್ ದಾರಾ ಖುರೋಡಿ ಗೋರೆಗಾಂವ್‌ನ ಆರೇ ಹಾಲಿನ ಕಾಲೊನಿಗೆ ಸಾಗಿಸಿದರು. ಅಲ್ಲಿ ಸುಮಾರು 16,000 ಜಾನುವಾರುಗಳಿಗೆ ಜಾಗವಾಯಿತು. 1976ರಲ್ಲಿ ನಗರದ ಜಾನುವಾರು ನಿಯಂತ್ರಣಕ್ಕೆ ಕಾಯ್ದೆ ಬಂತು, ಹೊರಹೋಗಲು ದೂರದ ದಾಪಚರಿಯನ್ನು ತೋರಿಸಲಾಯಿತು. ಜೋಗೇಶ್ವರಿಯ ತಬೇಲಾಗಳು ಆಮೇಲೂ ಕದಲಲಿಲ್ಲ. ಈ ಊರಿನ ವಿಚಾರ ಸಂಕಿರಣಗಳಲ್ಲಿ ಹದಿನೈದು ನಿಮಿಷದ ಪ್ರಬಂಧಕ್ಕೆ ‘ವಲಸೆ’, ‘ಅನನ್ಯತೆ’, ‘ಪಲ್ಲಟ’ ಎಂಬ ಮೂರೇ ಪದ ಸಾಲುತ್ತವೆ. ಎಮ್ಮೆಗೂ ಸಾಲುತ್ತವೆ.

ಕರುಗಳಲ್ಲಿ ಮೂರು ವರ್ಗ: (ಅ) ಸ್ತ್ರೀಲಿಂಗಿ, (ಆ) ಪುಲ್ಲಿಂಗಿ, (ಇ) ಅನುಪಸ್ಥಿತ. ಹೆಣ್ಣುಗರು ಬೆಳೆದು ಈಯಲು ಮೂರು ವರ್ಷಕ್ಕೂ ಮೇಲೆ ಬೇಕು. ಮುಂಬಯಿಯಲ್ಲಿ ಅಷ್ಟು ಕಾಲ ಹುಲ್ಲು, ಹಿಂಡಿ ಹಾಕಿ ಜಾಗ ಕೊಡುವವರು ಕಡಿಮೆ. ಕೋಣಗರುವಿಗೆ ಇಲ್ಲಿ ಉಳುವ ಗದ್ದೆಯಿಲ್ಲ. (ಆ)ದ ಉಪವರ್ಗಗಳನ್ನು ವಿಸ್ತರಿಸಬಹುದಿತ್ತು. ಮೊದಲೆರಡು ವರ್ಗದ ಬಹುಪಾಲು ಸದಸ್ಯರು ಬೇಗನೆ ಮೂರನೆಯದಕ್ಕೆ ಬಡ್ತಿ ಪಡೆಯುವುದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ.

ಬಡ್ತಿಯ ಕ್ರಮ ಸರಳ. ಹುಟ್ಟಿದ ಕೆಲವೇ ತಾಸಿನೊಳಗೆ ಕರುವಿನ ಹೊಟ್ಟೆಗೆ ಗಿಣ್ಣು ಸೇರಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಅಲ್ಲಿಂದಲೇ. ಗಿಣ್ಣಿನಿಂದ ಖರ್ವಸ್ ಎಂಬ ಸಿಹಿತಿಂಡಿ ಆಗುತ್ತದೆ, ಖರ್ವಸ್‌ಗೆ ದಾದರಿನಲ್ಲಿ ಗಿರಾಕಿಗಳಿದ್ದಾರೆ. ಆಮೇಲಿನ ಹಾಲಿಗೂ ಲೀಟರಿನ ಲೆಕ್ಕವಿದೆ. ಕರು ಕುಡಿದದ್ದು ನಷ್ಟದ ಕಲಮಿಗೆ ಹೋಗುತ್ತದೆ. ಹಸಿದ ಕರು ಭೇದಿ ಹಿಡಿದು ಸಾಯುತ್ತದೆ.

ಕರು ಸತ್ತರೆ ಎಮ್ಮೆ ಸೊರೆ ಬಿಡದಿರಬಹುದು. ಅದಕ್ಕಾಗಿ ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ‘ಖಲ್‌ಬಚ್ಚಾ’ ಎಂಬ ಉಪಾಯವಿದೆ. ಎಮ್ಮೆ ಅದನ್ನು ಮೂಸಿ ನೆಕ್ಕುತ್ತದೆ, ಕೆಚ್ಚಲಿಗೆ ಹಾಲಿಳಿಯುತ್ತದೆ. ಇದನ್ನು ‘ಉಪಸ್ಥಿತಿಯ ಅನುಕರಣೆ’ ಎಂದು ಕರೆದು ಅಡಿಟಿಪ್ಪಣಿ ಬರೆಯುವ ವಿದ್ವಾಂಸ ಒಮ್ಮೆ ಅದರ ಎದುರು ನಿಂತು ನೋಡಬೇಕು. ಅದು ಹೆತ್ತ ಪ್ರಾಣಿಗೆ ಮಾಡುವ ಮೋಸ. ದಿನಕ್ಕೆ ಎರಡು ಸಲ.

ಈಗ ಅಷ್ಟು ಶ್ರಮವೂ ಇಲ್ಲದೆ ಕೆಲಸ ಸಾಗುತ್ತದೆ. ಹಾಲಿಳಿಸುವ ಆಕ್ಸಿಟೋಸಿನ್ ಸೂಜಿ ಸಾಕು. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ‘ಫೂಕಾ’ವನ್ನೂ (ಯೋನಿಯೊಳಗೆ ಗಾಳಿ ಊದುವುದು) ಚುಚ್ಚುಮದ್ದನ್ನೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿದೆ: ಸಾವಿರ ರೂಪಾಯಿಯವರೆಗೆ ದಂಡ, ಎರಡು ವರ್ಷದವರೆಗೆ ಸೆರೆ, ಅಥವಾ ಎರಡೂ. ಕಲ್ಕತ್ತೆಯ ಕೊಟ್ಟಿಗೆಗಳ ಇಂಥ ಹಿಂಸೆಯನ್ನು ಓದಿ ವಿಚಲಿತರಾಗಿದ್ದ ಗಾಂಧಿ 1912ರಲ್ಲಿ ವ್ರತ ತೊಟ್ಟು ಹಾಲು ಬಿಟ್ಟರು; 1919ರಲ್ಲಿ ಇದೇ ಮುಂಬಯಿಯಲ್ಲಿ ಹಾಸಿಗೆ ಹಿಡಿದಿದ್ದಾಗ, ಕಸ್ತೂರಬಾ ಮಾತಿಗೆ ಒಪ್ಪಿ ಆಡಿನ ಹಾಲು ಕುಡಿದರು. ವ್ರತದ ಆತ್ಮ ಹೋಯಿತೆಂದು ಅವರೇ ನೊಂದುಕೊಂಡರು. ನೊಂದುಕೊಳ್ಳುವುದಕ್ಕೆ ಅವರಿಗೆ ಪರಿಭಾಷೆ ಬೇಕಾಗಲಿಲ್ಲ.

ಹಾಲು ಬತ್ತಿದ ಎಮ್ಮೆಯ ದಾರಿ ಹಲವು ಸಲ ದೇವನಾರ್ ಕಸಾಯಿಖಾನೆಯತ್ತ. 2015ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ತಿದ್ದುಪಡಿ ಎತ್ತು-ಹೋರಿಗಳ ವಧೆಯನ್ನೂ ನಿಲ್ಲಿಸಿತು; ಎಮ್ಮೆ ಆ ನಿಷೇಧದಲ್ಲಿಲ್ಲ. ಹಾಲಿನ ವ್ಯಾಪಾರ, ಮಾಂಸದ ವ್ಯಾಪಾರ ಎಂದು ಎರಡು ಶಾಸ್ತ್ರ ಹೂಡುವುದು ಇಲ್ಲಿ ವ್ಯರ್ಥ, ಪ್ರಾಣಿ ಒಂದೇ. ಬತ್ತಿದ್ದನ್ನು ಹಳ್ಳಿಗೆ ಕಳಿಸಿ, ಗಬ್ಬ ಕಟ್ಟಿಸಿ ಮರಳಿ ತರುವ ಪದ್ಧತಿಯೂ ಇದೆ. ಎರಡು ಕಡೆಯ ಲಾರಿ ಬಾಡಿಗೆಯ ಜೊತೆ ಅಷ್ಟು ತಿಂಗಳ ಮೇವಿನ ಖರ್ಚು ಕೂಡಿಸಿ, ಹೊಸ ಎಮ್ಮೆಯೇ ಅಗ್ಗವೆಂದು ಕಂಡರೆ ಮಾಲೀಕ ಅದಕ್ಕೆ ಕೈಹಾಕುವುದಿಲ್ಲ.