ಹ್ಯಾಂಡಲ್ ಹೊಡೆದ ಕಾಲ

ಧರ್ಮಸ್ಥಳಕ್ಕೆ ಹೋದವರು ಸ್ವಾಮಿಯ ದರ್ಶನ, ಅನ್ನಪೂರ್ಣದಲ್ಲಿ ಊಟ ಮುಗಿಸಿ ಬಸ್ಸು ಹತ್ತುವುದು ವಾಡಿಕೆ. ನಮ್ಮ ಗುಂಪು ಮಾತ್ರ ಊಟದ ನಿದ್ದೆಯನ್ನು ಹತ್ತಿಕ್ಕಿಕೊಂಡು ಕಾರು ಮ್ಯೂಸಿಯಮ್ಮಿಗೆ ನುಗ್ಗಿತು. ವೀರೇಂದ್ರ ಹೆಗ್ಗಡೆಯವರು ಆಸ್ಥೆಯಿಂದ ಕಲೆಹಾಕಿದ ಹಳೇ ಕಾರುಗಳು ಮದುಮಕ್ಕಳ ಹಾಗೆ ಮಿಂಚುತ್ತ ನಿಂತಿವೆ.

ಗುಂಪಿನಲ್ಲಿದ್ದ ಮೇಷ್ಟ್ರಿಗೆ ಒಂದು ಕಾರಿನ ಮೂತಿ ಕೆಳಗೆ, ಇಂಜಿನ್ ಚಾಲೂ ಮಾಡಲು ತಿರುಗಿಸುತ್ತಿದ್ದ ಹ್ಯಾಂಡಲಿನ ತೂತು ಕಂಡಿದ್ದೇ ತಡ, ಪಾಠ ಶುರು. "ಹಿಡಿಯ ಸುತ್ತ ಹೆಬ್ಬೆರಳು ಸುತ್ತಬಾರದು ಕಣ್ರಯ್ಯಾ, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಕೈ ಮುರೀತದೆ!" 1912ರ ಕ್ಯಾಡಿಲಾಕ್‌ನಲ್ಲಿ ಸೆಲ್ಫ್ ಸ್ಟಾರ್ಟರ್ ಬಂದಮೇಲೆ ಎಷ್ಟು ಮಣಿಕಟ್ಟು ಉಳಿದವೋ, ದೇವರೇ ಬಲ್ಲ.

ಹಿಂದೆ ಕೆಲವು ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಚಾಚಿ, ತಿರುಗುವ ದಿಕ್ಕು ತೋರಿಸುತ್ತಿತ್ತಂತೆ. "ನಮ್ಮ ಬೆಂಗಳೂರಿನ ಆಟೋದವರಿಗೆ ಅದೂ ಬೇಡ, ಕಾಲೇ ಸಾಕು" ಎಂದರು ಶೆಟ್ಟರು.

ಮಾತು ಅಂಬಾಸಿಡರಿಗೆ ತಿರುಗಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಮೂಡಿ, 2014ರವರೆಗೂ ಅದೇ ಮೈಕಟ್ಟು ಕಾಪಾಡಿಕೊಂಡ ಗಟ್ಟಿಗ. ಮುಂದೆ ಬೆಂಚಿನಂಥ ಸೀಟು. ಗೇರು ಸ್ಟಿಯರಿಂಗ್ ಪಕ್ಕಕ್ಕೆ. ಹಾಗಾಗಿ ಡ್ರೈವರನ ಆಚೆ ಬದಿಯಲ್ಲೂ ಒಬ್ಬರು ತೂರಿಕೊಳ್ಳಬಹುದಿತ್ತು.

"ನಮ್ಮ ಮನೆಯವರೆಲ್ಲ ಒಂದೇ ಅಂಬಾಸಿಡರಿನಲ್ಲಿ ಇಲ್ಲಿಗೇ ಬಂದಿದ್ದೆವು" ಎಂದರು ಮೇಷ್ಟ್ರು.

"ಡಿಕ್ಕಿಯಲ್ಲಿ ಎಷ್ಟು ಜನ?"

"ಛೆ, ಡಿಕ್ಕಿಯಲ್ಲಿ ಹಲಸಿನ ಹಣ್ಣು. ನಾವು ಇಳಿದೆವು, ವಾಸನೆ ಇಳಿಯಲಿಲ್ಲ."