ನಿದ್ದೆ ಪರೀಕ್ಷೆಗೆ ಹೊರಟ ಬುಕ್ಕಾಂಬುಧಿಯವರಿಗೆ ಒಂದು ಕೈಪಿಡಿ

ಯಾರಿಗೆ

ಬಸ್ಸು ತರೀಕೆರೆ ಮುಟ್ಟುವ ಮೊದಲೇ ಪಕ್ಕದವರ ಹೆಗಲಿಗೆ ತಲೆ ಆನಿಸಿದವರಿಗೆ, ಸಭೆಯಲ್ಲಿ ಚಪ್ಪಾಳೆ ಸದ್ದಿಗೆ ಎಚ್ಚರಾಗಿ ತಾವೂ ಚಪ್ಪಾಳೆ ತಟ್ಟಿದವರಿಗೆ, ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ತಾವೊಬ್ಬರೇ ಮಲಗಿ ಉಳಿದವರನ್ನೆಲ್ಲ ಎಬ್ಬಿಸಿ ಕೂರಿಸಿದವರಿಗೆ. ಉಜ್ಜಿನಿಯ ಸಿದ್ಧಲಿಂಗ ಜಗದ್ಗುರುಗಳ ತಪಸ್ಸಿನಿಂದ ಹೆಸರಾದ ಬೆಟ್ಟ ನಮ್ಮೂರಿನದು. ಅಂಥ ಊರಿನಿಂದ ನಿದ್ದೆ ಮಾಡಿ ತೋರಿಸಲು ದುಡ್ಡು ಕೊಟ್ಟು ಹೊರಟಿದ್ದೀರಿ. ಆದ್ದರಿಂದ ಅಕ್ಕಪಕ್ಕದವರು ಕೇಳಿದರೆ "ಶಿವಮೊಗ್ಗದಲ್ಲಿ ಸ್ವಲ್ಪ ಕೆಲಸ ಐತೆ" ಎನ್ನಿ, ಸಾಕು.

ಹೊರಡುವ ದಿನ

ತಲೆ ತೊಳೆದುಕೊಳ್ಳಿ, ಎಣ್ಣೆ ಹಚ್ಚಬೇಡಿ. ಕೊಬ್ಬರಿ ಎಣ್ಣೆಯಲ್ಲೇ ಬೆಳೆದ ತಲೆಗೆ ಇದು ಕಷ್ಟವೇ. ಆದರೆ ಎಣ್ಣೆಯ ಮೇಲೆ ಎಲೆಕ್ಟ್ರೋಡು ಕೂರುವುದಿಲ್ಲ. ಹಣೆಗೂ ಒಂದು ಬಿಲ್ಲೆ ಅಂಟಿಸುವುದರಿಂದ ಸಂಜೆಯ ಪೂಜೆ ಮುಗಿಸಿ ವಿಭೂತಿ ಒರೆಸಿಕೊಂಡು ಹೋಗಿ. ಶಿವ ಮುನಿಯುವುದಿಲ್ಲ, ಒರೆಸದಿದ್ದರೆ ಟೆಕ್ನಿಷಿಯನ್ ಮುನಿಯುತ್ತಾನೆ. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕುವುದರಿಂದ ಉಗುರುಬಣ್ಣ ತೆಗೆದು ಬನ್ನಿ ಎನ್ನುತ್ತಾರೆ. ಅಡಿಕೆ ಚೊಗರು ಕೂತ ಬೆರಳಿನ ವಿಚಾರ ಯಾರೂ ಹೇಳುವುದಿಲ್ಲ. ಸುಗ್ಗಿ ಮುಗಿಸಿ ಹೋಗುವುದು ಲೇಸು. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಮುದ್ದೆ ಉಂಡು ಒರಗುವುದಂತೂ ಬೇಡವೇ ಬೇಡ.

ಅರ್ಜಿ ತುಂಬುವುದು

ಎಪ್‌ವರ್ತ್ ಪಟ್ಟಿ ಎಂಬ ಹಾಳೆ ಕೊಡುತ್ತಾರೆ. 1991ರಲ್ಲಿ ಮೆಲ್ಬರ್ನಿನ ವೈದ್ಯ ಮರ್ರೆ ಜಾನ್ಸ್ ಮಾಡಿದ್ದು. ಎಂಟು ಸಂದರ್ಭ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 10 ದಾಟಿದರೆ ಹಗಲಿನ ತೂಕಡಿಕೆ ಹೆಚ್ಚೆಂದು ಲೆಕ್ಕ. ಟ್ರಾಫಿಕ್ಕಿನಲ್ಲಿ ನಿಂತ ಕಾರಿನೊಳಗೆ ತೂಕಡಿಸುತ್ತೀರಾ ಎಂಬುದೂ ಅದರಲ್ಲೊಂದು. ಈರುಳ್ಳಿ ಚೀಲ ತುಂಬಿದ ಟ್ರ್ಯಾಕ್ಟರ್ ಅಡ್ಡ ನಿಂತದ್ದನ್ನು ನೆನೆದುಕೊಂಡು ಅಂಕ ಹಾಕಿ. ಯಾರೊಂದಿಗಾದರೂ ಕೂತು ಮಾತಾಡುವಾಗ ತೂಕಡಿಕೆ ಬರುತ್ತದೆಯೇ ಎಂದರೆ, ಯಾರೊಂದಿಗೆ ಎಂದು ಮರುಪ್ರಶ್ನೆ ಹಾಕಲು ಅವಕಾಶವಿಲ್ಲ.

ದಿನಾ ಎಷ್ಟು ಹೊತ್ತಿಗೆ ಮಲಗಿ ಎಷ್ಟಕ್ಕೆ ಏಳುತ್ತೀರಿ ಎಂದು ಕೇಳಿದಾಗ ಮಾತ್ರ ಪೇಚು. ತೋಟದ ಮೋಟಾರಿಗೆ ತ್ರೀ ಫೇಸ್ ಕರೆಂಟು ಯಾವಾಗ ಕೊಡುತ್ತಾರೋ ಆಗ ಏಳುವುದು. ಒಂದು ವಾರ ರಾತ್ರಿ ಎರಡಕ್ಕೆ, ಇನ್ನೊಂದು ವಾರ ನಾಲ್ಕಕ್ಕೆ. ಇದನ್ನು ಬರೆಯಲು ಅಲ್ಲಿ ಜಾಗವಿರುವುದಿಲ್ಲ. ರಾತ್ರಿ ಹತ್ತು, ಬೆಳಿಗ್ಗೆ ಆರು ಎಂದು ಬರೆದು ಸುಮ್ಮನಾಗುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ, ಬಾಯಲ್ಲಾದರೂ ಹೇಳಿ. ಮೋಟಾರು ಕೆಡಿಸಿದ ನಿದ್ದೆ ಬೇರೆ, ಗಂಟಲು ಕೆಡಿಸಿದ ನಿದ್ದೆ ಬೇರೆ.

ಸಾಕ್ಷಿ

ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಯ ಬಗ್ಗೆ ನಿಮಗೇನೂ ಗೊತ್ತಿಲ್ಲ, ಅವರಿಗೆ ಎಲ್ಲ ಗೊತ್ತು. "ನಮ್ಮನೆಯವ್ರು ಗೊರಕೆ ಹೊಡೆದ್ರೆ ನಂಗೇನೂ ಇಲ್ಲ ಡಾಕ್ಟ್ರೇ, ಅದು ನಿಂತಾಗ್ಲೇ ಎಚ್ಚರಾಗೋದು. ಉಸಿರು ಐತಾ ಅಂತ ಮೂಗಿನ ಹತ್ರ ಕೈ ಹಿಡಿದು ನೋಡ್ತೀನಿ" ಎಂದು ಆಕೆ ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಪರೀಕ್ಷೆಯ ಯಂತ್ರ ಇಡೀ ರಾತ್ರಿ ಹುಡುಕುವುದು ಉಸಿರು ನಿಲ್ಲುವ ಆ ಗಳಿಗೆಯನ್ನೇ. ಮಲಗಿದಾಗ ಗಂಟಲ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ನಿಮ್ಮನ್ನು ಅರೆಕ್ಷಣ ಎಬ್ಬಿಸುತ್ತದೆ. ಬೆಳಿಗ್ಗೆ ನಿಮಗೆ ಒಂದೂ ನೆನಪಿರುವುದಿಲ್ಲ, ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಮಾತ್ರ ತಿಳಿಯುತ್ತದೆ.

ತಂತಿ ಜೋಡಣೆ

ಟೇಪು ಹಿಡಿದು ತಲೆ ಅಳೆದು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಅಂಟಿಸುತ್ತಾರೆ. ನೆತ್ತಿ, ಹಿಂದಲೆ, ಕಣ್ಣಂಚು, ಗದ್ದ, ಎದೆ, ಮೊಣಕಾಲ ಕೆಳಗೆ ತಂತಿ, ಮೂಗಿಗೆ ನಳಿಕೆ, ಎದೆಗೊಂದು ಹೊಟ್ಟೆಗೊಂದು ಪಟ್ಟಿ. ಕೊನೆಗೆ ನೀವು ಜಾತ್ರೆಗೆ ಸೀರಿಯಲ್ ಸೆಟ್ ಸುತ್ತಿದ ಅರಳಿಮರದಂತೆ ನಿಲ್ಲುತ್ತೀರಿ. ಉಚ್ಚೆಗೆ ಹೋಗುವುದಿದ್ದರೆ ಈಗಲೇ ಹೋಗಿ ಬನ್ನಿ.

ಆಮೇಲೆ ಸ್ಪೀಕರಿನಿಂದ ಅಪ್ಪಣೆಗಳು. ಕಣ್ಣು ಎಡಕ್ಕೆ, ಬಲಕ್ಕೆ. ಹಲ್ಲು ಕಚ್ಚಿ. ಪಾದ ಅಲ್ಲಾಡಿಸಿ. ಉಸಿರು ಬಿಗಿಹಿಡಿಯಿರಿ. ಈಗ ಗೊರಕೆ ಹೊಡೆದು ತೋರಿಸಿ. ತಂತಿಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಇಷ್ಟೆಲ್ಲ. ಇಷ್ಟು ವರ್ಷ ಹೊಡೆಯುವುದೇ ಇಲ್ಲ ಎಂದು ವಾದಿಸಿದವರು ಕೇಳಿದ ಕೂಡಲೇ ಇಷ್ಟು ಚೆನ್ನಾಗಿ ಹೊಡೆದರೆ ಮನೆಯವರು ನಗುತ್ತಾರೆ, ಸಹಿಸಿಕೊಳ್ಳಿ.

ನಿದ್ದೆ ಮಾಡುವ ವಿಧಾನ

"ಮನೇಲಿ ಹೆಂಗೆ ಮಲಗ್ತೀರೋ ಹಂಗೇ ಮಲಗಿ" ಎಂದು ಹೇಳಿ ದೀಪ ಆರಿಸುತ್ತಾರೆ. ಕಂಬಳಿ ಇಲ್ಲ, ಕಟಕಟ ಎನ್ನುವ ಫ್ಯಾನಿಲ್ಲ, ಕತ್ತಲಲ್ಲೂ ಕಾಣುವ ಕ್ಯಾಮೆರಾ ನೆತ್ತಿಯ ಮೇಲಿದೆ. ಪಕ್ಕದ ಕೋಣೆಯಲ್ಲಿ ಒಬ್ಬ ನಿಮ್ಮ ನಿದ್ದೆಗಾಗಿ ನಿದ್ದೆಗೆಟ್ಟು ಕೂತಿದ್ದಾನೆ. ನಿಮ್ಮ ರಾತ್ರಿಯನ್ನು 30 ಸೆಕೆಂಡಿಗೊಂದು ಪುಟದಂತೆ ಕತ್ತರಿಸಿ ಓದುವುದು ಪದ್ಧತಿ. ಎಂಟು ಗಂಟೆ ಮಲಗಿದರೆ 960 ಪುಟ. ಮೊದಲ ರಾತ್ರಿ ಹೊಸ ಜಾಗದಲ್ಲಿ ನಿದ್ದೆ ಸರಿಬಾರದು ಎಂಬುದು ವೈದ್ಯರಿಗೂ ಗೊತ್ತು. ಕಣ್ಣು ಮುಚ್ಚಲೇ ಇಲ್ಲ ಎಂದು ಬೆಳಿಗ್ಗೆ ಆಣೆ ಮಾಡಿದರೂ ಐದಾರು ಗಂಟೆಯ ನಿದ್ದೆ ದಾಖಲಾಗಿರಬಹುದು. ಅಲ್ಲಿ ವಾದಕ್ಕೆ ನಿಲ್ಲಬೇಡಿ.

ಫಲಿತಾಂಶ

ಕೂದಲಿನ ಅಂಟು ಬಿಸಿನೀರು, ಸೀಗೆಪುಡಿಗೆ ಬಿಡುತ್ತದೆ. ರಿಪೋರ್ಟಿನಲ್ಲಿ ನೋಡಬೇಕಾದ್ದು ಒಂದೇ ಸಂಖ್ಯೆ: 10 ಸೆಕೆಂಡಾದರೂ ಉಸಿರು ನಿಂತದ್ದು ಅಥವಾ ಕುಗ್ಗಿದ್ದು ಗಂಟೆಗೆ ಎಷ್ಟು ಸಲ. 5ರ ಒಳಗಿದ್ದರೆ ಮಾಮೂಲು, 15ರವರೆಗೆ ಅಲ್ಪ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಹೆಚ್ಚು ಬಂದರೆ ಮಾರ್ಕ್ಸ್ ಬಂದಂತೆ ಹೇಳಿಕೊಂಡು ತಿರುಗಬೇಡಿ.

ಮಲಗುವಾಗ ಹಾಕಿಕೊಳ್ಳುವ ಗಾಳಿಯಂತ್ರವನ್ನು ವೈದ್ಯರು ಬರೆದುಕೊಟ್ಟರೆ ಹೆದರಬೇಡಿ. ಸಿಡ್ನಿಯ ಕಾಲಿನ್ ಸಲಿವನ್ ಕಸ ಹೀರುವ ಯಂತ್ರದ ಮೋಟಾರನ್ನು ಗಾಳಿ ಊದುವಂತೆ ಮಾಡಿ, 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವದು. ಮುಖಕ್ಕೆ ಮಾಸ್ಕು, ಅದಕ್ಕೊಂದು ಕೊಳವೆ, ಗಂಟಲು ಮುಚ್ಚದಂತೆ ತಡೆಯುವ ಗಾಳಿ. ಮನೆಯ ಸಿಂಗಲ್ ಫೇಸೇ ಸಾಕು. ಕರೆಂಟು ಹೋಗುವ ಊರು, ಯುಪಿಎಸ್ ಇಟ್ಟುಕೊಳ್ಳಿ. ಎರಡು ಗಂಟೆಗೆ ಮೋಟಾರು ಹಾಕಲು ಎದ್ದಾಗ ಮಾಸ್ಕು ಬಿಚ್ಚಿಟ್ಟೇ ತೋಟಕ್ಕೆ ಹೋಗಿ, ನಿಮ್ಮನ್ನು ನಾಯಿಗಳು ಮುಖ ನೋಡಿಯೇ ಬಿಡುವುದು.